ಈ ವರ್ಷದ ಸುಗ್ಗಿ

ಹದಿನೈದು ದಿನದಿಂದ ಇಲ್ಲಿ ಎಂತದೂ ಬರೀಲಿಲ್ಲ. ಶೇಂಗಾ ಹೆಂಗಿದೆ, ಹಂದಿ ಬಂತಾ ಅಂತ ಕೆಲವರು ಕೇಳಿದ್ರಿ. ಹಂದಿ ಬಂತು, ಬೇಲಿ ಬದಿ ಎರಡು ಸಾಲು ಹೋಯ್ತು. ಉಳಿದದ್ದು ಇನ್ನು ಹತ್ತು ದಿನಕ್ಕೆ ಕೀಳಬಹುದು. ಬರೀದೆ ಇದ್ದದ್ದು ಅದಕ್ಕಲ್ಲ, ಸುಗ್ಗಿಗೆ ಹೋಗಿದ್ದೆ.

ಗೊತ್ತಿಲ್ಲದವರಿಗೆ ಹೇಳ್ತೇನೆ. ನಾವು ಹಾಲಕ್ಕಿ ಒಕ್ಕಲಿಗರು. ಅಂಕೋಲಾ ತಾಲೂಕು, ಗಂಗಾವಳಿ ಹೊಳೆ ದಂಡೆಮೇಲೆ ನಮ್ಮ ಕೊಪ್ಪ. ಭತ್ತ ಮನೆಗೆ ಬಂದ ಮೇಲೆ, ಹೋಳಿ ಹುಣ್ಣಿಮೆ ಹೊತ್ತಿಗೆ ನಮ್ಮ ಸುಗ್ಗಿ. ಬೆಂಡಿನ ಹೂ, ಬಣ್ಣದ ಕಾಗದ, ಬೇಗಡೆ ಎಲ್ಲ ಸೇರಿಸಿ ಕಟ್ಟಿದ ತುರಾಯಿಯನ್ನ ತಲೆಗೆ ಕಟ್ಟಿ, ಕೈಯಲ್ಲಿ ನವಿಲುಗರಿ ಕುಂಚ ಹಿಡಿದು, ಗುಮಟೆ ಜಾಗಟೆ ಪೆಟ್ಟಿಗೆ ಮನೆಮನೆ ಅಂಗಳದಲ್ಲಿ ಕುಣೀತೇವೆ. ಮನೆಯವರು ಅಕ್ಕಿ, ಕಾಯಿ, ಕೈಲಾದಷ್ಟು ದುಡ್ಡು ಕೊಡ್ತಾರೆ. ತುರಾಯಿ ಕಟ್ಟಿದವನು ಆ ದಿನಗಳಲ್ಲಿ ಚಪ್ಪಲಿ ಮೆಟ್ಟೂದಿಲ್ಲ, ಮೀನು ಮುಟ್ಟೂದಿಲ್ಲ. ಕಡೆಗೆ ಹೊಳೆಗೆ ಹೋಗಿ, ತುರಾಯಿ ಬಿಚ್ಚಿ, ಮಿಂದು ಮನೆಗೆ ಬರೂದು.

ನಾನು ಮೊದಲು ತುರಾಯಿ ಕಟ್ಟಿದ್ದು ಎಸ್ಸೆಸ್ಸೆಲ್ಸಿ ಪಾಸಾದ ಮರುವರ್ಷ. ಈಗ ಮಂಡಿ ಕೇಳೂದಿಲ್ಲ, ಗುಮಟೆ ಬಡೀತೇನೆ. ಗುಮಟೆ ಅಂದ್ರೆ ಎರಡೂ ಕಡೆ ಬಾಯಿ ಇರುವ ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ. ನಮ್ಮ ಅಜ್ಜನ ಕಾಲಕ್ಕೆ ಉಡದ ಚರ್ಮ ಇತ್ತು. ಈಗ ಉಡ ಹಿಡಿದ್ರೆ ಜೈಲು, ಅದು ಸರಿಯೇ. ಆಡಿನ ಚರ್ಮ ಹಾಕ್ತೇವೆ. ಆ ನಾದ ಬರೂದಿಲ್ಲ, ತಂಪಿಗೆ ಬೇಗ ಸಡಿಲ ಆಗ್ತದೆ, ಮತ್ತೆ ಮತ್ತೆ ಬೆಂಕಿಗೆ ಹಿಡೀಬೇಕು.

ಈ ವರ್ಷ ಸುಗ್ಗಿ ಬೇಕಾ ಬೇಡವಾ ಅಂತಲೇ ದೊಡ್ಡ ಮಾತಾಯ್ತು. 2024ರ ಜುಲೈ 16ರಂದು ಶಿರೂರಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ಟಿವಿಯಲ್ಲಿ ಹೆದ್ದಾರಿ ಕಂಡಿತು, ಲಾರಿ ಕಂಡಿತು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಂಡೆಯ ಉಳುವರೆಗೆ ನುಗ್ಗಿ ಮನೆಗಳನ್ನ ಕೆಡವಿದ್ದು ಅಷ್ಟಾಗಿ ಕಾಣಲಿಲ್ಲ. ಅಲ್ಲಿಯೂ ನಮ್ಮವರೇ. ಡಿಸೆಂಬರಲ್ಲಿ ಹೊನ್ನಳ್ಳಿಯ ತುಳಸಿ ಗೌಡ ಹೋದ್ರು. ಫೆಬ್ರವರಿಯಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡ ಹೋದ್ರು. ಇಬ್ಬರೂ ಪದ್ಮಶ್ರೀ. ಒಬ್ಬರು ಗಿಡ ಬೆಳೆಸಿದವರು, ಒಬ್ಬರು ಹಾಡು ಉಳಿಸಿದವರು. ಒಂದು ಮಳೆಗಾಲದಿಂದ ಒಂದು ಸುಗ್ಗಿಯೊಳಗೆ ಇಷ್ಟೆಲ್ಲ ಆಯ್ತು.

ಊರಗೌಡರ ಅಂಗಳದಲ್ಲಿ ಕೂತ್ವಿ. ಕೊಪ್ಪದಲ್ಲಿ ಸಾವಾದ್ರೆ ತುರಾಯಿ ಕಟ್ಟೂದಿಲ್ಲ, ಆದ್ರೆ ನಮ್ಮ ಕೊಪ್ಪದಲ್ಲಿ ಸಾವಾಗಿಲ್ಲ. ಹಂಗಂತ ಆಚೆ ದಂಡೆಯವರು ಬೇರೆಯವರಾ? ಅಲ್ಲಿಂದ ಹೆಣ್ಣು ತಂದಿದ್ದೇವೆ, ಅಲ್ಲಿಗೆ ಕೊಟ್ಟಿದ್ದೇವೆ. ನಾನು ಬೇಡ ಅಂದೆ. ಅತ್ತವರ ಬಾಗಿಲಿಗೆ ಗುಮಟೆ ತಕಂಡು ಹೆಂಗೆ ಹೋಗೂದು?

ನಮ್ಮ ಅಣ್ಣನ ಮಗ ಬೇಕು ಅಂದ. ಅವನಿಗೂ ನಂಗೂ ಇದರಲ್ಲಿ ಹಳೇ ಜಗಳ ಉಂಟು. ಎರಡು ವರ್ಷದ ಹಿಂದೆ ಅವನ ಮಾತಿಗೆ ಒಂದು ಉತ್ಸವದ ಸ್ಟೇಜಿಗೆ ಹೋಗಿದ್ವಿ. ಬುಡಕಟ್ಟು ಸಂಸ್ಕೃತಿ ಅಂತ ಬ್ಯಾನರ್ ಇತ್ತು. ಹತ್ತು ನಿಮಿಷ ಅಂದವರು, ಅತಿಥಿ ಬಂದ್ರು ಅಂತ ಐದೇ ನಿಮಿಷಕ್ಕೆ ನಿಲ್ಲಿಸಿದ್ರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ನಾವು ಕೇಳ್ತಾನೇ ಇದ್ದೇವೆ, ಬ್ಯಾನರಲ್ಲಿ ಮಾತ್ರ ಬುಡಕಟ್ಟು. ಸುಗ್ಗಿ ಅಲ್ಲದ ದಿನ ತುರಾಯಿ ಕಟ್ಟಿದ್ದಕ್ಕೆ ನಂಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವನು, "ಸಣ್ಣಪ್ಪಾ, ಆ ದುಡ್ಡಲ್ಲೇ ಗುಮಟೆಗೆ ಚರ್ಮ, ತುರಾಯಿಗೆ ಕಾಗದ ಬಂದದ್ದು" ಅಂತಾನೆ. ಅದೂ ಸುಳ್ಳಲ್ಲ.

ಕಡೆಗೆ ಗೌಡ್ರು, "ಕುಣೀಬೇಕಾ ಅಂತ ನಾವು ನಾವೇ ಮಾತಾಡೂದೆಂತಕ್ಕೆ? ಅವರನ್ನೇ ಕೇಳಿ ಬನ್ನಿ" ಅಂದ್ರು. ನನ್ನನ್ನೇ ಕಳಿಸಿದ್ರು.

ಹೆಂಡ್ತಿಯ ದೊಡ್ಡಮ್ಮ ಆಚೆ ದಂಡೆಯವಳು. ಆ ದಿನ ಅಡಿಗೆಮನೆ ಗೋಡೆ, ನಾಲ್ಕು ತೆಂಗಿನಮರ, ದನದ ಕೊಟ್ಟಿಗೆ ಹೋಗಿತ್ತು. ಜೀವ ಉಳೀತು. ವಿಷಯ ಹೇಳಿದೆ. ಬಾಯೊಳಗಿನ ಕವಳ ಉಗಿದು ಬಂದು, "ತಮ್ಮಾ, ನೀರು ಬಂದಾಗ ಎಲ್ಲರೂ ಬಂದ್ರು, ಫೋಟೋ ಹೊಡದ್ರು, ಹೋದ್ರು. ಈಗ ಸುಗ್ಗಿಯವರೂ ಬರಲಿಲ್ಲಾಂದ್ರೆ ನಾವೂ ಸತ್ತಂಗೇ ಲೆಕ್ಕ" ಅಂದಳು. ನಂಗೆ ಉತ್ತರ ಬರಲಿಲ್ಲ.

ಹಿಂದೆ ಹದಿನಾಲ್ಕು ತುರಾಯಿ ಕಟ್ತಿದ್ವಿ, ಈ ಸಲ ಒಂಬತ್ತು. ಹುಡುಗರು ಗೋವಾದಲ್ಲಿ ಕೆಲಸಕ್ಕಿದ್ದಾರೆ, ರಜೆ ಸಿಗೂದಿಲ್ಲ. ಅಣ್ಣನ ಮಗ ಸಂಬಳ ಕಡಿದುಕೊಂಡ್ರೂ ಪರವಾಗಿಲ್ಲ ಅಂತ ಎಂಟು ದಿನ ಮೊದಲೇ ಬಂದ. ಬರಿಗಾಲಲ್ಲಿ ಡಾಂಬರು ರಸ್ತೆಮೇಲೆ ನಡೆದು ಅವನ ಅಂಗಾಲು ಬೊಬ್ಬೆ ಎದ್ದಿತ್ತು. ಒಂದು ಮಾತೂ ಆಡಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಅರ್ಧ ಅಲ್ಲೇ ಇಳೀತು.

ದೊಡ್ಡಮ್ಮನ ಅಂಗಳ ಇನ್ನೂ ಸರಿಯಾಗಿಲ್ಲ, ಅರ್ಧ ಕೆಸರು ಒಣಗಿ ಬಿರುಕು ಬಿಟ್ಟಿದೆ. ಉಳಿದ ಅರ್ಧಕ್ಕೆ ಸಗಣಿ ಸಾರಿಸಿ ಇಟ್ಟಿದ್ದಳು. ಒಂಬತ್ತು ಜನಕ್ಕೂ ಜಾಗ ಸಾಲದೆ ಐದೈದು ನಾಲ್ಕು ನಾಲ್ಕು ಆಗಿ ಕುಣಿದ್ರು. ನಾನು ಜೋರು ಬಡೀಲಿಕ್ಕೆ ಹಿಂಜರಿದೆ. ಅವಳೇ ಬಾಗಿಲಲ್ಲಿ ನಿಂತು, "ಕೈಗೆ ಎಂತಾಯ್ತೋ?" ಅಂತ ಕೂಗಿದಳು. ಆಮೇಲೆ ಬಡಿದೆ. ಕುಣಿತ ಮುಗಿದ ಮೇಲೆ ಗೆರಸೆಯಲ್ಲಿ ಅಕ್ಕಿ, ಒಂದು ಕಾಯಿ ತಂದಿಟ್ಟು, "ಪೇಟೆ ಕಾಯಿ, ಬೇಜಾರು ಮಾಡಬೇಡಿ" ಅಂದಳು. ಇಡೀ ಹೊತ್ತು ಅತ್ತಿರದವಳಿಗೆ ಆ ಮಾತು ಹೇಳುವಾಗ ಗಂಟಲು ಕಟ್ಟಿತು. ಮರ ಇದ್ದಾಗ ಅವಳು ಕಾಯಿ ಕೊಂಡವಳಲ್ಲ.

ಕಡೇ ದಿನ ಹೊಳೆಗೆ ಇಳಿದ್ವಿ. ಮೊದಲು ಕಾಲಡಿ ಹೊಯಿಗೆ ಸಿಗ್ತಿತ್ತು, ಈ ಸಲ ನಾವು ಮೀಯುವ ಜಾಗದಲ್ಲಿ ಮೊಳಕಾಲಿಗೆ ಮಣ್ಣು. ಹುಡುಗರು ಒಬ್ಬರ ಕೈ ಒಬ್ಬರು ಹಿಡಿದು ಇಳಿದು, ತುರಾಯಿ ಬಿಚ್ಚಿ, ಮುಳುಗಿ ಎದ್ರು. ಯಾರೂ ಹೆಚ್ಚು ಮಾತಾಡಲಿಲ್ಲ. ನಾನೂ ಮುಳುಗಿದೆ. ಹೊಳೆ ಮೇಲೆ ಸಿಟ್ಟು ಇಟ್ಟುಕೊಳ್ಳಲಿಕ್ಕೆ ಬರೂದಿಲ್ಲ, ಗದ್ದೆಗೆ ಅದೇ ನೀರು.

ದೊಡ್ಡಮ್ಮನಿಗೆ ನಾಲ್ಕು ತೆಂಗಿನ ಸಸಿ ಎತ್ತಿಟ್ಟಿದ್ದೇನೆ. ಮಳೆ ಹಿಡಿದ ಮೇಲೆ ದೋಣಿಯಲ್ಲಿ ತಕಂಡು ಹೋಗಿ ನಾನೇ ನೆಟ್ಟು ಬರ್ತೇನೆ. ಉಪ್ಪುನೀರು ತಾಗುವ ಜಾಗಕ್ಕೆ ಗುಂಡಿ ಎಷ್ಟು ಎತ್ತರಿಸಿ ನೆಡಬೇಕು ಅಂತ ಅನುಭವ ಇದ್ದವರು ತಿಳಿಸಿ. ಶೇಂಗಾ ಲೆಕ್ಕ ಮುಂದಿನ ಸಲ ಬರೀತೇನೆ.