ತುಂಗೆಯ ದಡದಲ್ಲೊಂದು ಮನೆ

ಶಿವಮೊಗ್ಗದಲ್ಲಿ ಮನೆ ಕೊಳ್ಳಹೊರಟವನು ಮೊದಲು ಕಾಣಬೇಕಾದುದು ದಲ್ಲಾಳಿಯನ್ನಲ್ಲ; ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ಪಾತ್ರದಲ್ಲಿ ನಿಂತಿರುವ ಕಲ್ಲಿನ ಮಂಟಪವನ್ನು. ಬೇಸಗೆಯಲ್ಲಿ ನೀರು ಬಂಡೆಗಳ ನಡುವೆ ಎಳೆಯೆಳೆಯಾಗಿ ಹರಿಯುತ್ತದೆ. ದಡದ ಮನೆಗಳನ್ನು ತೋರಿಸುವುದಕ್ಕೆ ಅದೇ ಸುಮುಹೂರ್ತ! ಗಂಗಾಸ್ನಾನ, ತುಂಗಾಪಾನವೆಂಬ ಮಾತು ಆಗ ದಲ್ಲಾಳಿಯ ನಾಲಗೆಯ ತುದಿಯಲ್ಲೇ ಇರುತ್ತದೆ.

ಆದರೆ ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಮಳೆ ಹಿಡಿಯಿತೆಂದರೆ ಹೊಳೆಯ ಬಣ್ಣವೇ ಬೇರೆ. ಊರಿನ ಮೇಲಣ ಗಾಜನೂರು ಅಣೆಕಟ್ಟೆಯ ಹೊಟ್ಟೆ ಚಿಕ್ಕದು. ಹಿಡಿಯುವುದು ಮೂರೂಕಾಲು ಟಿಎಂಸಿಯಷ್ಟು ಮಾತ್ರ. ಅದು ತುಂಬಿದ ಮೇಲೆ ಬಂದ ನೀರನ್ನು ಬಂದಂತೆಯೇ ಬಿಡಬೇಕು. ಮಂಟಪ ಮುಳುಗಿತೆಂಬ ಸುದ್ದಿ ಹಬ್ಬಿದೊಡನೆ ಊರಿನ ಅರ್ಧ ಜನ ಕೊಡೆ ಹಿಡಿದು ಸೇತುವೆಗೆ ನೋಡಲು ಹೋಗುತ್ತಾರೆ. ತಗ್ಗಿನ ಕೇರಿಗಳವರು ಅಕ್ಕಿಮೂಟೆಯನ್ನು ಅಟ್ಟಕ್ಕೇರಿಸುತ್ತಾರೆ. 2019ರ ಆಗಸ್ಟಿನಲ್ಲಿ ಹೊಳೆ ಆ ಕೇರಿಗಳ ಮನೆಯೊಳಕ್ಕೇ ಬಂದಿತ್ತು.

ಖಾತೆ, ಕ್ರಯಪತ್ರಗಳನ್ನು ವಕೀಲರು ನೋಡಿಕೊಡುತ್ತಾರೆ. ಗೋಡೆಯ ಮೇಲಿದ್ದ ನೀರಿನ ಗೆರೆಯನ್ನೋ ಹೊಸ ಸುಣ್ಣ ನುಂಗಿರುತ್ತದೆ. ಬಲ್ಲವರು ಹಾಗಾಗಿ ನೆರೆಮನೆಯ ಜಗಲಿ ಹತ್ತಿ, “ಅಮ್ಮಾ, ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು?” ಎಂದು ಕೇಳುತ್ತಾರೆ. ಆಕೆ ಮಾತನಾಡದೆ ಕೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ತೋರಿಸುವುದೂ ಉಂಟು.