ಐದು ಊರು, ಒಂದು ಮನೆ

ಅಪ್ಪ-ಅಮ್ಮನಿಗೊಂದು ಹಳ್ಳಿಮನೆ ಕೊಳ್ಳೋಣ ಅಂತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿದೆ. ಹಡಗಲಿಯ ಮಲ್ಲಿಗೆ, ದಾರಿಯುದ್ದಕ್ಕೂ ಮಿರ್ಚಿ-ಮಂಡಕ್ಕಿ. ಆದರೆ ಈ ಸೀಮೆಯ ಚರಿತ್ರೆ ಕಂಡಿದ್ದು ಮನೆಗಳ ಕಾಗದಪತ್ರದಲ್ಲಿ.

ಇಲ್ಲಿ ಮನೆ ಕದಲಿಲ್ಲ, ಜಿಲ್ಲೆ ಕದಲಿದೆ. 1953ರವರೆಗೆ ಇದು ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾಯ್ತು. 2021ರಲ್ಲಿ ಐದೂ ವಿಜಯನಗರ ಜಿಲ್ಲೆಗೆ ಸೇರಿದವು. ಹಾಗಾಗಿ ಹಳೇ ಪತ್ರದಲ್ಲಿ ಜಿಲ್ಲೆಯ ಹೆಸರು ಬೇರೆ ಇದ್ದರೆ ಗಾಬರಿ ಬೇಡ. ಚಕ್ಕುಬಂದಿ, ಅಳತೆ, ಮನೆ ನಂಬರು ತಾಳೆಯಾಗಬೇಕು.

ಗ್ರಾಮಠಾಣದ ಮನೆಗೆ ಪಹಣಿ ಇರಲ್ಲ. ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11 ನೋಡಬೇಕು. ಅದಷ್ಟೇ ಸಾಲದು, ಮಾಲೀಕತ್ವ ಹೇಳೋದು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ಸರಣಿ. ಋಣಭಾರ ಪತ್ರ 'ಕಾವೇರಿ'ಯಲ್ಲಿ ಸಿಗೋದು 2004ರಿಂದೀಚೆಗೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಲೇಬೇಕು.

ಕೂಡ್ಲಿಗಿ ಕಡೆ ಒಂದು ತೊಟ್ಟಿಮನೆ ತುಂಬಾ ಹಿಡಿಸಿತು. ದಾಖಲೆಯಲ್ಲಿ ಅಣ್ಣನೊಬ್ಬನದೇ ಹೆಸರು, ಸಾಲವೂ ಇಲ್ಲ. ಪಕ್ಕದ ಮನೆಯ ಅಜ್ಜಿ ಮೆಲ್ಲಗೆ, "ತಮ್ಮಾ, ಇಬ್ರು ಹೆಣ್ಮಕ್ಳು ಅದಾರ, ಅವ್ರನ್ನ ಕೇಳೀಯೇನು?" ಅಂದರು. ಅದು ಅವರಪ್ಪ ಕಟ್ಟಿಸಿದ ಮನೆ; ಅವರಿಗೂ ಪಾಲುಂಟು. ಯಾವ ಪೋರ್ಟಲ್ಲೂ ಈ ಮಾತು ಹೇಳಿರಲಿಲ್ಲ. ವಂಶವೃಕ್ಷ ತರಿಸಿ ಅಂದೆ. ಅಕ್ಕ-ತಂಗಿಯರ ಸಹಿ ಆಗೋವರೆಗೆ ಮುಂಗಡ ಇಲ್ಲ ಅಂತಲೂ ಹೇಳಿದೆ.

ಲ್ಯಾಪ್‌ಟಾಪ್ ಮುಂದೆ ಅರ್ಧ ಕೆಲಸ, ಊರ ಕಟ್ಟೆಯ ಮೇಲೆ ಇನ್ನರ್ಧ. ಕೊಳ್ಳೋ ಮುಂಚೆ ಎರಡೂ ಮುಗಿಸಿ.