ಮಣ್ಣು ಉರಿಯುವ ಒಲೆಯ ಮುಂದೆ

ಐರ್ಲೆಂಡ್ ಹಸಿರು ದ್ವೀಪ ಎಂದು ಎಲ್ಲರೂ ಹೇಳುತ್ತಾರೆ. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಬೆಳೆದ ನನಗೆ ಹಸಿರೇನೂ ಹೊಸದಲ್ಲ. ಅಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಮಣ್ಣು. ಆ ದೇಶದ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ, ಬಿಸಿಲು ಗಾಳಿಗೆ ಒಣಗಿಸಿ, ಸೌದೆಯ ಬದಲು ಒಲೆಗೆ ಹಾಕಿ ಉರಿಸುತ್ತಾರೆ!

ನನ್ನ ಮಗಳು, ಅಳಿಯ ಗಾಲ್ವೇ ನಗರದಲ್ಲಿ ಕೆಲಸದಲ್ಲಿದ್ದಾರೆ. ಮೇ ತಿಂಗಳಿಂದ ಮೂರು ತಿಂಗಳು ನಾನು ಅವರ ಜೊತೆಗಿದ್ದೆ. ಡಬ್ಲಿನ್ ಪೂರ್ವ ಕರಾವಳಿಯಲ್ಲಿದ್ದರೆ ಗಾಲ್ವೇ ಪಶ್ಚಿಮ ಕರಾವಳಿಯಲ್ಲಿದೆ. ನಡುವೆ ಸುಮಾರು 200 ಕಿ.ಮೀ. ಅಷ್ಟೆ. ಇಡೀ ದ್ವೀಪವೇ ನಮ್ಮ ಕರ್ನಾಟಕದ ಅರ್ಧಕ್ಕಿಂತ ಚಿಕ್ಕದು. ಗಾಲ್ವೇಯಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಕಾನೆಮಾರಾ ಎಂಬ ಸೀಮೆ ಸಿಗುತ್ತದೆ. ಬೋಳು ಬೆಟ್ಟ, ಕೆರೆ, ಜೌಗು, ಕಲ್ಲು, ಕುರಿ, ಆಮೇಲೆ ಸಮುದ್ರ. ಅಲ್ಲಿ ರಾಸ್ ಮಕ್ ಎಂಬ ಹಳ್ಳಿಯ ಹತ್ತಿರ ಮಗಳ ಸ್ನೇಹಿತೆಯೊಬ್ಬರ ಹಳೆಯ ಮನೆ ಇದೆ. ಶುಕ್ರವಾರ ಸಂಜೆ ಕಚೇರಿ, ಶಾಲೆ ಮುಗಿದ ಕೂಡಲೇ ಅಕ್ಕಿ, ಬೇಳೆ, ಸಾರಿನ ಪುಡಿ ಕಟ್ಟಿಕೊಂಡು ನಾವು ಅಲ್ಲಿಗೆ ಹೊರಡುತ್ತಿದ್ದೆವು.

ಆ ಸೀಮೆ ಬಂತು ಎಂದು ರಸ್ತೆಯ ಫಲಕಗಳೇ ಹೇಳುತ್ತವೆ. ಬೇರೆಡೆ ಊರಿನ ಹೆಸರು ಐರಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದರೆ ಇಲ್ಲಿ ಐರಿಷ್‌ನಲ್ಲಿ ಮಾತ್ರ. ಜನರು ಇಂದಿಗೂ ಮನೆಯಲ್ಲಿ ಐರಿಷ್ ಭಾಷೆ ಆಡುವ ಕೆಲವೇ ಪ್ರದೇಶಗಳಲ್ಲಿ ಇದೂ ಒಂದು. ‘ಕೇದ್ ಮೀಲೆ ಫಾಲ್ಚ’ ಎಂಬ ಸ್ವಾಗತದ ಮಾತನ್ನು ಮೊಮ್ಮಗಳು ನನಗೆ ಕಲಿಸಿದಳು. ನೂರು ಸಾವಿರ ಸ್ವಾಗತ ಎಂದು ಅದರ ಅರ್ಥ. ‘ಅಂದರೆ ಒಂದು ಲಕ್ಷ!’ ಎಂದು ನಾನು ಲೆಕ್ಕ ಹೇಳಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಅಲ್ಲಿನ ಲೆಕ್ಕದಲ್ಲಿ ಲಕ್ಷವೆಂಬುದಿಲ್ಲ.

ಎರಡು ತುಂಡಿನ ಬಾಗಿಲು

ಮನೆ ಉದ್ದಕ್ಕೆ ಇದೆ, ಅಗಲಕ್ಕೆ ಒಂದೇ ಕೋಣೆ. ನಡುವೆ ಅಡುಗೆಮನೆ, ಅದರ ಎರಡೂ ಬದಿಗೆ ಮಲಗುವ ಕೋಣೆಗಳು. ದಪ್ಪನೆಯ ಕಲ್ಲಿನ ಗೋಡೆ, ಹೊರಗೆ ಬೆಳ್ಳಗೆ ಸುಣ್ಣ. ಕಿಟಕಿಗಳು ಚಿಕ್ಕವು. ಅಟ್ಲಾಂಟಿಕ್ ಸಾಗರದಿಂದ ನೇರವಾಗಿ ಬೀಸುವ ಗಾಳಿಗೆ ದೊಡ್ಡ ಕಿಟಕಿ ತಡೆಯುವುದಿಲ್ಲ. ಹಿಂದೆ ಈ ಮನೆಗಳಿಗೆಲ್ಲ ಹುಲ್ಲಿನ ಮಾಡೇ ಇತ್ತು. ಗಾಳಿಗೆ ಹಾರಿಹೋಗದಂತೆ ಹುಲ್ಲಿನ ಮೇಲೆ ಹಗ್ಗ ಹಾಯಿಸಿ, ಗೋಡೆಯಿಂದ ಚಾಚಿದ ಗೂಟಗಳಿಗೆ ಕಟ್ಟುತ್ತಿದ್ದರು. ಈಗ ಹೆಚ್ಚಿನ ಮನೆಗಳಿಗೆ ಕಲ್ಲುಹಲಗೆಯ ಮಾಡು ಬಂದಿದೆ.

ಮುಂಬಾಗಿಲು ಅಡ್ಡಕ್ಕೆ ಎರಡು ತುಂಡು. ಮೇಲಿನದು ತೆರೆದರೂ ಕೆಳಗಿನದು ಮುಚ್ಚಿರುತ್ತದೆ. ಬೆಳಕು, ಗಾಳಿ ಒಳಗೆ ಬರಬೇಕು, ಅಂಗಳದ ಕೋಳಿ ಬರಬಾರದು, ಅಂಬೆಗಾಲಿಡುವ ಮಗು ಹೊರಗೆ ಹೋಗಬಾರದು. ಈ ಮೂರಕ್ಕೂ ಒಂದೇ ಉಪಾಯ! ಕೆಳಗಿನ ತುಂಡಿನ ಮೇಲೆ ಮೊಳಕೈ ಊರಿ ಹರಟೆ ಹೊಡೆಯುವುದಂತೂ ನಮ್ಮ ಜಗಲಿ ಕಟ್ಟೆಯ ಸುಖಕ್ಕೆ ಸಮ.

ಮಳೆಯ ಮಾತು ಹೇಳಲೇಬೇಕು. ಅಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ನಮ್ಮ ಜಡಿಮಳೆಯ ಆರ್ಭಟವಿಲ್ಲ, ಸಣ್ಣಗೆ ಜಿನುಗುವ ಸೋನೆ. ಅಂಥ ದಿನವನ್ನು ಅವರು ‘ಮೆತ್ತನೆಯ ದಿನ’ ಎನ್ನುತ್ತಾರೆ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಸೂರ್ಯ ಮುಳುಗುವುದಿಲ್ಲ. ಮೊಮ್ಮಗಳನ್ನು ಮಲಗಿಸುವುದೇ ಒಂದು ಸಾಹಸ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಕತ್ತಲು.

ಸಾವಿರ ವರ್ಷಕ್ಕೆ ಒಂದು ಮೀಟರ್

ಇನ್ನು ಉರಿಯುವ ಮಣ್ಣಿನ ವಿಷಯ. ಅದಕ್ಕೆ ಅಲ್ಲಿ ಟರ್ಫ್ ಎನ್ನುತ್ತಾರೆ. ವಿಜ್ಞಾನದ ಪುಸ್ತಕದಲ್ಲಿ ಅದರ ಹೆಸರು ಪೀಟ್. ಸದಾ ನೀರು ನಿಂತ ಜೌಗಿನಲ್ಲಿ ಪಾಚಿ, ಹುಲ್ಲು ಬೆಳೆದು ಸಾಯುತ್ತವೆ. ನೀರಿನೊಳಗೆ ಗಾಳಿ ಆಡದಿರುವುದರಿಂದ ಅವು ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರ ಸೇರಿ ಕಪ್ಪು ಮಣ್ಣಿನಂತೆ ಆಗುತ್ತದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಮೀಟರ್ ಆಳ ಆಗಲು ಸಾವಿರ ವರ್ಷ! ಐರ್ಲೆಂಡಿನ ನೆಲದಲ್ಲಿ ಸುಮಾರು ಐದನೇ ಒಂದು ಪಾಲು ಇಂಥದ್ದೇ.

ಗಾಳಿಯಾಡದ ಈ ಜೌಗು ಒಳ್ಳೆಯ ಉಗ್ರಾಣವೂ ಹೌದು. ಯಾವುದೋ ಕಾಲದ ಜನ ಮರದ ಪಾತ್ರೆಯಲ್ಲಿ ಹೂತಿಟ್ಟ ಬೆಣ್ಣೆ ಸಾವಿರಾರು ವರ್ಷಗಳ ನಂತರ ಟರ್ಫ್ ಕತ್ತರಿಸುವವರ ಕೈಗೆ ಸಿಕ್ಕಿದೆ. ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಂಥ ಬೆಣ್ಣೆಯನ್ನು ಇಟ್ಟಿದ್ದಾರೆ.

ಟರ್ಫ್ ಕತ್ತರಿಸಲು ‘ಶ್ಲಾನ್’ ಎಂಬ ಸಲಿಕೆ ಇದೆ. ಅಂಚಿನಲ್ಲಿ ಒಂದು ರೆಕ್ಕೆ ಇರುವುದರಿಂದ ಒಂದೇ ಏಟಿಗೆ ಇಟ್ಟಿಗೆಯಾಕಾರದ ಹೆಂಟೆ ಬರುತ್ತದೆ. ಹಸಿ ಹೆಂಟೆಯಲ್ಲಿ ಹೆಚ್ಚಿನ ಪಾಲು ನೀರೇ. ಕೆಲವು ದಿನ ನೆಲದ ಮೇಲೆ ಹರಡಿ, ಸ್ವಲ್ಪ ಗಟ್ಟಿಯಾದ ಮೇಲೆ ಐದಾರು ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ಗುಡಿಸಲಿನಂತೆ ನಿಲ್ಲಿಸುತ್ತಾರೆ. ನಡುವೆ ಗಾಳಿ ಹಾಯ್ದು ಒಣಗುತ್ತದೆ. ಇದು ಮನೆಯ ಮಕ್ಕಳೂ ಸೇರಿ ಮಾಡುವ ಕೆಲಸ. ಒಂದು ಶನಿವಾರ ಮೊಮ್ಮಗಳೂ ನಾನೂ ಒಂದು ಸಾಲು ನಿಲ್ಲಿಸಿದೆವು. ಸೊಂಟ ನೋವು ಬಂತು, ಆದರೆ ಗದ್ದೆ ನಾಟಿ ಮಾಡಿದ ದಿನಗಳು ನೆನಪಾಗಿ ಖುಷಿಯೂ ಆಯಿತು.

ಭಾನುವಾರದ ಸುತ್ತಾಟ

ರಾಸ್ ಮಕ್‌ನಲ್ಲಿ ಕೆರೆಯ ಮೇಲಿನ ದಿಬ್ಬದಲ್ಲಿ ಒಂದು ಹುಲ್ಲುಮಾಡಿನ ಮನೆ ಇದೆ. ಡಬ್ಲಿನ್ನಿನ ಶಾಲಾಮಾಸ್ತರರೊಬ್ಬರು ರಜೆ ಕಳೆಯಲೆಂದು 20ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಮನೆ. ಅವರ ಹೆಸರು ಪ್ಯಾಟ್ರಿಕ್ ಪಿಯರ್ಸ್. ಐರಿಷ್ ಭಾಷೆಯನ್ನು ಅದನ್ನು ಆಡುವ ಜನರ ನಡುವೆಯೇ ಕಲಿಯಬೇಕೆಂದು ತಮ್ಮ ವಿದ್ಯಾರ್ಥಿಗಳನ್ನೂ ಬೇಸಿಗೆಯಲ್ಲಿ ಇಲ್ಲಿಗೆ ಕರೆತರುತ್ತಿದ್ದರು. ನಮಗೂ ಅವರಿಗೂ ಒಂದು ಸಣ್ಣ ನಂಟಿದೆ. 1913ರಲ್ಲಿ ಅವರ ಶಾಲೆಯ ಸಹಾಯಾರ್ಥ ಡಬ್ಲಿನ್ನಿನ ಅಬ್ಬಿ ರಂಗಮಂದಿರದಲ್ಲಿ ರವೀಂದ್ರನಾಥ ಟಾಗೋರರ ‘ಪೋಸ್ಟ್ ಆಫೀಸ್’ ನಾಟಕ ಆಡಿದ್ದರು. ಸ್ವಾತಂತ್ರ್ಯಕ್ಕಾಗಿ ದಂಗೆ ಎದ್ದ ಪಿಯರ್ಸ್ ಅವರನ್ನು 1916ರ ಮೇ 3ರಂದು ಬ್ರಿಟಿಷರು ಗುಂಡಿಟ್ಟು ಕೊಂದರು. 1921ರಲ್ಲಿ ಈ ಮನೆಯನ್ನೂ ಸುಟ್ಟರು. ಆಮೇಲೆ ಅದನ್ನು ಮತ್ತೆ ಕಟ್ಟಿ, ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡಿದ್ದಾರೆ.

ದಾರಿಯಲ್ಲಿ ಮಾಡು ಬಿದ್ದ ಕಲ್ಲಿನ ಗೋಡೆಗಳು ಅಲ್ಲಲ್ಲಿ ಕಾಣುತ್ತವೆ. ಬೆಟ್ಟದ ಇಳಿಜಾರಿನಲ್ಲಿ ಹುಲ್ಲಿನ ಕೆಳಗೆ ಏರುಮಡಿಗಳ ಗೆರೆಗಳು. ಅವು ಆಲೂಗಡ್ಡೆ ಬೆಳೆದ ಮಡಿಗಳು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಂತು. ಬಡವರಿಗೆ ಅದೇ ಊಟ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಮತ್ತೆ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ 80 ಲಕ್ಷಕ್ಕೂ ಹೆಚ್ಚಿದ್ದ ದ್ವೀಪದ ಜನಸಂಖ್ಯೆ ಇಂದಿಗೂ ಅಷ್ಟಕ್ಕೆ ಮುಟ್ಟಿಲ್ಲ. ‘ಇಲ್ಲಿದ್ದವರು ಎಲ್ಲಿ ಹೋದ್ರು ಅಜ್ಜಿ?’ ಎಂದು ಮೊಮ್ಮಗಳು ಕೇಳಿದಾಗ ಇಷ್ಟನ್ನೇ ಹೇಳಿದೆ. ಅವಳು ಆ ಮಡಿಗಳನ್ನು ತುಳಿಯದೆ ಸುತ್ತಿಕೊಂಡು ಬಂದಳು.

ಕೊನೆಯ ರಾಶಿ

ನಮ್ಮ ಮನೆಯ ಪಕ್ಕದಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದರು. ಆ ಕಡೆ ಅಜ್ಜಿಗೆ ‘ಮಾಮೋ’ ಎನ್ನುತ್ತಾರೆ. ಮೊಮ್ಮಗಳು ಹಾಗೇ ಕರೆಯುತ್ತಿದ್ದಳು, ನಾನೂ ಕಲಿತೆ. ಹಾಲು ಹಾಕಿದ ಗಟ್ಟಿ ಚಹಾ ಕುಡಿಯದೆ ಅವರ ಮನೆಯಿಂದ ಏಳುವಂತಿಲ್ಲ. ಜೊತೆಗೆ ಸೋಡಾ ಬ್ರೆಡ್. ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ ಇಷ್ಟೇ ಸಾಮಾನು. ಮಜ್ಜಿಗೆಯ ಹುಳಿಗೆ ಸೋಡಾ ಸೇರಿ ಗುಳ್ಳೆ ಎದ್ದು ಬ್ರೆಡ್ ಉಬ್ಬುತ್ತದೆ. ಮಾಮೋ ಅವರ ತಾಯಿಯ ಕಾಲದಲ್ಲಿ ಅದನ್ನು ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಟರ್ಫಿನ ಕೆಂಡ ಹರಡಿ ಬೇಯಿಸುತ್ತಿದ್ದರಂತೆ.

‘ನನ್ನ ತಾಯಿ ಒಲೆಯ ಬೆಂಕಿ ಆರಲು ಬಿಟ್ಟದ್ದೇ ಇಲ್ಲ’ ಎಂದರು ಮಾಮೋ. ರಾತ್ರಿ ಕೆಂಡಗಳನ್ನು ಒಟ್ಟುಮಾಡಿ, ಮೇಲೆ ಬೂದಿ ಮುಚ್ಚಿ, ಪ್ರಾರ್ಥನೆ ಹೇಳಿ ಮಲಗುವುದು. ಬೆಳಿಗ್ಗೆ ಬೂದಿ ಸರಿಸಿ, ಹೊಸ ಹೆಂಟೆ ಇಟ್ಟರೆ ಬೆಂಕಿ ಮತ್ತೆ ಏಳುತ್ತದೆ.

ನನಗೆ ಕುಳಿತಲ್ಲೇ ಮೈ ಜುಮ್ಮೆಂದಿತು. ನಮ್ಮ ಅಜ್ಜಿ ರಾತ್ರಿ ಮಾಡುತ್ತಿದ್ದದ್ದೂ ಇದನ್ನೇ. ಬೂದಿಯೊಳಗೆ ಕೆಂಡ ಮುಚ್ಚಿಡುವುದು. ಅದೂ ಆರಿದರೆ ಗರಟೆ ಹಿಡಿದು ಪಕ್ಕದ ಮನೆಗೆ ಕೆಂಡ ತರಲು ಓಡುತ್ತಿದ್ದವಳು ನಾನೇ. ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ, ಕಡ್ಡಿ ಗೀರುವುದು ದಂಡ ಎನ್ನುವ ಲೆಕ್ಕ. ಎರಡು ದೇಶದ ಅಜ್ಜಿಯರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಕೆಲಸ ಮಾಡುತ್ತಿದ್ದರು.

ಮಾಮೋ ಮನೆಯ ಹಿಂದೆ ಟರ್ಫಿನ ರಾಶಿ ಇತ್ತು. ‘ಇದು ನಮ್ಮ ಮನೆಯ ಕೊನೆಯ ರಾಶಿ’ ಎಂದರು. ಕಾರಣವಿದೆ. ಜೌಗು ಒದ್ದೆಯಾಗಿ ಇರುವವರೆಗೆ ಅಪಾರ ಇಂಗಾಲವನ್ನು ಒಳಗೇ ಹಿಡಿದಿಡುತ್ತದೆ. ಅಗೆದು ಉರಿಸಿದರೆ ಅದೆಲ್ಲ ಗಾಳಿಗೆ ಸೇರಿ ಭೂಮಿಯ ಬಿಸಿ ಏರುತ್ತದೆ. ಯಂತ್ರಗಳಿಂದ ಪೀಟ್ ತೆಗೆಯುತ್ತಿದ್ದ ಸರ್ಕಾರಿ ಸಂಸ್ಥೆ ಬೋರ್ಡ್ ನಾ ಮೋನಾ 2021ರಲ್ಲಿ ಆ ಕೆಲಸವನ್ನು ಪೂರ್ತಿ ನಿಲ್ಲಿಸಿತು. 2022ರ ಅಕ್ಟೋಬರ್ ಕೊನೆಯಿಂದ ಟರ್ಫನ್ನು ಅಂಗಡಿಯಲ್ಲಿ, ಜಾಹೀರಾತು ಕೊಟ್ಟು ಮಾರುವಂತಿಲ್ಲ. ಹಕ್ಕಿದ್ದವರು ತಮ್ಮ ಮನೆಗಾಗಿ ಕತ್ತರಿಸಿಕೊಳ್ಳಬಹುದು. ಮಾಮೋಗೆ ಆ ಹಕ್ಕಿದೆ. ಮಗ ಮನೆಗೆ ವಿದ್ಯುತ್ತಿನ ಬಿಸಿ ಯಂತ್ರ ಹಾಕಿಸಿದ್ದಾನೆ.

‘ನಿಮಗೆ ಬೇಜಾರಿಲ್ವಾ ಮಾಮೋ?’ ಎಂದು ಮೊಮ್ಮಗಳು ಕೇಳಿದಳು.

‘ಇದೆ’ ಎಂದರು ಮಾಮೋ. ‘ಆದರೆ ಸಾವಿರ ವರ್ಷದ ಗಂಟನ್ನು ನಾನು ಒಂದು ಚಳಿಗಾಲದಲ್ಲಿ ಉರಿಸಿಬಿಡುತ್ತೇನೆ. ನಿನ್ನ ಪಾಲಿಗೆ ಏನಾದರೂ ಉಳಿಯಬೇಡವೇ?’

ಐವತ್ತು ಸಾವಿರ ಮಕ್ಕಳು ಬರೆದದ್ದು

ಆಮೇಲೆ ಮಾಮೋ ಟ್ಯಾಬ್ಲೆಟ್ ತಂದು ಒಂದು ಪುಟ ತೋರಿಸಿದರು. ಗುಂಡಗಿನ ಅಕ್ಷರದ ಶಾಲಾ ನೋಟ್‌ಬುಕ್ಕಿನ ಪುಟ. ಬರೆದವರು ಅವರ ತಾಯಿ, ಹನ್ನೆರಡನೇ ವಯಸ್ಸಿನಲ್ಲಿ. ರಾತ್ರಿ ಕೆಂಡ ಮುಚ್ಚುವುದು ಹೇಗೆ ಎಂದು ತನ್ನ ಅಜ್ಜಿಯನ್ನು ಕೇಳಿ ಬರೆದದ್ದು.

ಇದರ ಹಿಂದಿನ ಕಥೆ ಎಲ್ಲ ಮಕ್ಕಳಿಗೂ ತಿಳಿಯಬೇಕಾದದ್ದು. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗ ಶಾಲೆಗಳಿಗೆ ಒಂದು ಕೆಲಸ ಕೊಟ್ಟಿತು. ದೊಡ್ಡ ತರಗತಿಯ ಮಕ್ಕಳು ಮಾಮೂಲಿ ಪ್ರಬಂಧ ಬರೆಯುವ ಬದಲು ತಮ್ಮ ಅಜ್ಜ ಅಜ್ಜಿಯರನ್ನು, ನೆರೆಯ ಹಿರಿಯರನ್ನು ಕೇಳಿ ಅವರು ಹೇಳಿದ್ದನ್ನು ಬರೆದು ತರಬೇಕು. ಮನೆಮದ್ದು, ಆಟ, ಗಾದೆ, ಹಬ್ಬ, ಹವಾಮಾನದ ಸೂಚನೆ, ಬ್ರೆಡ್ ಮಾಡುವ ಬಗೆ, ಬರಗಾಲದ ನೆನಪು, ಹೀಗೆ ಹತ್ತಾರು ವಿಷಯ. ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳು ಬರೆದರು. ಲಕ್ಷಾಂತರ ಪುಟಗಳಾದವು. ಈಗ ಅವು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿವೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು.

ಮಾಮೋ ಆ ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಬರೆದ ತಾಯಿ ಇಲ್ಲ, ಹೇಳಿದ ಮುತ್ತಜ್ಜಿ ಇಲ್ಲ. ಒಲೆಯ ಬೆಂಕಿಯೂ ಇನ್ನು ಸ್ವಲ್ಪ ದಿನ ಮಾತ್ರ. ಆದರೆ ಕೆಂಡ ಮುಚ್ಚುವುದು ಹೇಗೆಂದು ನನ್ನ ಮೊಮ್ಮಗಳಿಗೆ ಆ ದಿನ ಗೊತ್ತಾಯಿತು.

ಅವಳಿಗೆ ಕನ್ನಡ ಅರ್ಥವಾಗುತ್ತದೆ, ಅಷ್ಟಿಷ್ಟು ಆಡುತ್ತಾಳೆ, ಬರೆಯಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಐರಿಷ್ ಕಲಿಯುವವಳಿಗೆ ಕನ್ನಡ ಕಲಿಸುವವರು ಯಾರು? ಅಂದು ರಾತ್ರಿ ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡು ಬಂದು, ‘ಅಜ್ಜಿ, ನಿನ್ನ ಅಜ್ಜಿದು ಹೇಳು, ನಾನು ಬರೀತೀನಿ’ ಎಂದಳು. ಮೊದಲ ಪುಟದಲ್ಲಿ ನಾನು ನಾಲ್ಕು ಪದ ಬರೆದುಕೊಟ್ಟೆ, ಅವಳು ತಿದ್ದಿದಳು. ಒಲೆ, ಬೂದಿ, ಕೆಂಡ, ಗರಟೆ. ಉಳಿದದ್ದನ್ನು ಇಂಗ್ಲಿಷ್‌ನಲ್ಲಿ ಬರೆದುಕೊಂಡಳು. ನಾನು ಹೊರಡುವ ಹೊತ್ತಿಗೆ ಹನ್ನೊಂದು ಪುಟ ತುಂಬಿತ್ತು. ಈಗ ಪ್ರತಿ ಭಾನುವಾರ ಫೋನಿನಲ್ಲಿ ಮುಂದುವರಿದಿದೆ.

ಈ ಕೆಲಸಕ್ಕೆ ಕಾನೆಮಾರಾಕ್ಕೆ ಹೋಗಬೇಕಾಗಿಲ್ಲ. ಮಕ್ಕಳು ಈ ರಜೆಯಲ್ಲಿ ಒಂದು ನೋಟ್‌ಬುಕ್ ಇಡಿ. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ನಿಮ್ಮ ಕಾಲದಲ್ಲಿ ಒಲೆ ಹೇಗೆ ಹಚ್ಚುತ್ತಿದ್ದಿರಿ? ನೀರು ಎಲ್ಲಿಂದ ತರುತ್ತಿದ್ದಿರಿ? ಜ್ವರ ಬಂದರೆ ಏನು ಕಷಾಯ? ಮಳೆ ಬರುವುದು ಮೊದಲೇ ಹೇಗೆ ತಿಳಿಯುತ್ತಿತ್ತು? ಯಾವ ಆಟ ಆಡುತ್ತಿದ್ದಿರಿ? ಯಾರು ಹೇಳಿದರು, ಯಾವ ಊರು, ಯಾವ ದಿನ ಬರೆದಿರಿ ಎಂಬುದನ್ನು ಪುಟದ ಕೆಳಗೆ ಹಾಕಿ. ಆ ಐವತ್ತು ಸಾವಿರ ಮಕ್ಕಳೂ ಹೇಳಿದವರ ಹೆಸರು, ಊರು ಕೇಳಿ ಬರೆದಿಟ್ಟಿದ್ದರಿಂದಲೇ ಮಾಮೋಗೆ ತಾಯಿಯ ಪುಟ ಸಿಕ್ಕಿತು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಮೊಮ್ಮಕ್ಕಳು ಕೇಳಿದಾಗ ‘ಅದೆಲ್ಲ ಹಳೇ ಕಾಲದ್ದು, ಈಗ ಯಾಕೆ?’ ಎನ್ನಬೇಡಿ. ಕೂತು ಹೇಳಿ.